ಬೆಳೆದದ್ದು ಕಂಪನಿಯೋ, ಬಾಡಿಗೆ ಮಹಡಿಯೋ?

ಜಯನಗರದಲ್ಲಿ ನೆಂಟರ ಗೃಹಪ್ರವೇಶ. ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದ ಹುಡುಗ ಕೋಸಂಬರಿ ಬಡಿಸಿ ಮುಗಿಯುವಷ್ಟರಲ್ಲಿ ತನ್ನ ಕಂಪನಿಯ ಪ್ರಗತಿಯನ್ನೆಲ್ಲ ಹೇಳಿಬಿಟ್ಟ. ಎರಡನೇ ಸುತ್ತಿನ ಹೂಡಿಕೆ ಬಂದಿದೆ, ನೌಕರರು ದುಪ್ಪಟ್ಟಾಗಿದ್ದಾರೆ, ಹೊರವರ್ತುಲ ರಸ್ತೆಯಲ್ಲಿ ಇನ್ನೊಂದು ಮಹಡಿ ಬಾಡಿಗೆಗೆ ಹಿಡಿದಿದ್ದಾರೆ. ‘ಇತ್ತೀಚೆಗೆ ಹೊಸದಾಗಿ ಏನು ಮಾಡಿದಿರಿ? ಅದರಿಂದ ಎಷ್ಟು ದುಡ್ಡು ಬರುತ್ತಿದೆ?’ ಎಂದು ಕೇಳಿದೆ. ಅವನು ಬಾಯಿ ತೆರೆಯುವ ಮೊದಲೇ ಎದುರು ಸಾಲಿನ ಹಿರಿಯರೊಬ್ಬರು, ‘ನೀವು ಜರ್ಮನಿಯವರು ಬಿಡಿ, ಬೆಂಗಳೂರಿನ ವೇಗ ನಿಮಗೆ ತಿಳಿಯುವುದಿಲ್ಲ’ ಎಂದರು. ನಾನು ಹುಟ್ಟಿ ಬೆಳೆದದ್ದು ಬಸವನಗುಡಿಯಲ್ಲಿ. ಎಲೆಗೆ ಹೋಳಿಗೆ ಬಿದ್ದ ಮೇಲೂ ಆ ಮಾತು ಚುಚ್ಚುತ್ತಲೇ ಇತ್ತು.

ನಾನಿರುವ ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿ ನಾನು ಕೇಳಿದ್ದು ತೀರಾ ಸಾಮಾನ್ಯ ಪ್ರಶ್ನೆ. ಕವಾಟಗಳನ್ನು (ವಾಲ್ವ್) ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಮಾಲೀಕರು ಒಮ್ಮೆ ನನಗೆ ತಮ್ಮ ಕಚೇರಿಯ ಗಾಜಿನ ಕಪಾಟು ತೋರಿಸಿದರು. ಸಾಲಾಗಿ ಹಿತ್ತಾಳೆಯ, ಉಕ್ಕಿನ ಕವಾಟಗಳು. ಒಂದೊಂದರ ಕೆಳಗೂ ಅದು ಮಾರುಕಟ್ಟೆಗೆ ಬಂದ ವರ್ಷದ ಚೀಟಿ. ಎಷ್ಟು ಜನ ಕೆಲಸಕ್ಕಿದ್ದಾರೆ ಎಂದು ಅವರು ಹೇಳಲೇ ಇಲ್ಲ. ಕೊನೆಯ ಚೀಟಿಯ ವರ್ಷವನ್ನು ಬೆರಳಿನಿಂದ ತೋರಿಸಿ, ಇದರ ಪಕ್ಕಕ್ಕೆ ಬೇಗ ಇನ್ನೊಂದು ಬರಬೇಕು ಎಂದರು.

ಇದು ಒಬ್ಬರ ಗೀಳಲ್ಲ. ಯುರೋಪಿನ ನಾವೀನ್ಯ ಸಮೀಕ್ಷೆ ಕಂಪನಿಗಳನ್ನು ಕೇಳುವುದೂ ಇದನ್ನೇ: ಮೂರು ವರ್ಷಗಳಲ್ಲಿ ತಂದ ಹೊಸ ಅಥವಾ ಸುಧಾರಿತ ಉತ್ಪನ್ನಗಳಿಂದ ವಹಿವಾಟಿನ ಎಷ್ಟು ಪಾಲು ಬಂತು? ಜರ್ಮನಿಯಲ್ಲಿ ಮ್ಯಾನ್‌ಹೈಮ್‌ನ ಸಂಶೋಧನಾ ಸಂಸ್ಥೆಯೊಂದು 1993ರಿಂದ ವರ್ಷವರ್ಷವೂ ಈ ಸಮೀಕ್ಷೆ ನಡೆಸುತ್ತಿದೆ. ವೇಗವಾಗಿ ಬೆಳೆಯುವ ಕಂಪನಿ ಯಾವುದು ಎಂಬುದಕ್ಕೂ ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ ಬಳಿ ಲೆಕ್ಕವಿದೆ: ಆರಂಭದಲ್ಲಿ ಕನಿಷ್ಠ 10 ನೌಕರರಿದ್ದು, ಮೂರು ವರ್ಷ ಸರಾಸರಿ ವರ್ಷಕ್ಕೆ ಶೇ 20ಕ್ಕಿಂತ ಹೆಚ್ಚು ಬೆಳೆದಿರಬೇಕು. ನೌಕರರ ಸಂಖ್ಯೆಯನ್ನೂ ಈ ಲೆಕ್ಕ ಒಪ್ಪುತ್ತದೆ ನಿಜ, ಆದರೆ ಮೂರು ವರ್ಷ ಕಾಯುತ್ತದೆ. ಬಂದ ಹೂಡಿಕೆಗೆ ಅದರಲ್ಲಿ ಜಾಗವೇ ಇಲ್ಲ.

ನಮ್ಮಲ್ಲಿ ಹೂಡಿಕೆಯ ಮೊತ್ತವೇ ಫಲಿತಾಂಶ. ಇದೇ ಬೆಂಗಳೂರಿನ ಆನ್‌ಲೈನ್ ಪಾಠದ ಕಂಪನಿ ಬೈಜೂಸ್‌ಗೆ 2022ರಲ್ಲಿ 22 ಶತಕೋಟಿ ಡಾಲರ್ ಬೆಲೆ ಕಟ್ಟಿದ್ದರು. 2024ರಲ್ಲಿ ಅದು ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ನೇಮಕಾತಿಯಾದಾಗ ಚಪ್ಪಾಳೆ ತಟ್ಟಿದ ನಾವು, ಕೆಲಸ ಕಳೆದುಕೊಂಡ ಮಕ್ಕಳು ಮನೆಯಲ್ಲಿ ಕುಳಿತಾಗ ಯಾರನ್ನೂ ಏನೂ ಕೇಳಲಿಲ್ಲ. ನನಗೆ ಕೋಪ ಬರುವುದು ಇದಕ್ಕೆ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಸ್ಟಟ್‌ಗಾರ್ಟ್‌ನ ಮರ್ಸಿಡಿಸ್ ಬೆಂಜ್‌ಗೆ ಜರ್ಮನಿಯ ಹೊರಗಿರುವ ಅತಿ ದೊಡ್ಡ ಸಂಶೋಧನಾ ಕೇಂದ್ರ ಬೆಂಗಳೂರಿನದು, 1996ರಿಂದ ನಡೆಯುತ್ತಿದೆ. ಜರ್ಮನಿಯಲ್ಲಿ ಹೊಸದೆಂದು ಮೆಚ್ಚುವ ಕಾರಿನೊಳಗೆ ವೈಟ್‌ಫೀಲ್ಡ್‌ನ ಎಂಜಿನಿಯರುಗಳ ಕೆಲಸವೂ ಇದೆ.

ವಿದ್ಯುತ್ ಸ್ಕೂಟರ್ ತಯಾರಿಸುವ ಏಥರ್ ಎನರ್ಜಿಯ ವಿಷಯವನ್ನಂತೂ ಒಪ್ಪಲೇಬೇಕು. 2013ರಲ್ಲಿ ಆರಂಭವಾದ ಕಂಪನಿ, ಗ್ರಾಹಕರ ಕೈಗೆ ಸ್ಕೂಟರ್ ಕೊಟ್ಟದ್ದು 2018ರಲ್ಲಿ, ಬೆಂಗಳೂರಿನಲ್ಲಿಯೇ. ನಡುವಿನ ವರ್ಷಗಳಲ್ಲಿ ಮಾರಲು ಸ್ಕೂಟರೇ ಇರಲಿಲ್ಲ. ವಹಿವಾಟಿನ ಪಾಲನ್ನು ಅಳೆಯುವವರ ಕಣ್ಣಿಗೆ ಆ ದುಡಿಮೆ ಬೀಳುತ್ತಿರಲಿಲ್ಲ. ಆಗ ಅದನ್ನು ಉಳಿಸಿದ್ದು ಹೂಡಿಕೆಯೇ. 2014ರಲ್ಲಿ ಫ್ಲಿಪ್‌ಕಾರ್ಟ್‌ನ ಸ್ಥಾಪಕರು ಅದಕ್ಕೆ ಹಣ ಹಾಕಿದ್ದರು. ಇನ್ನೂ ಏನನ್ನೂ ಮಾರದ ಇಬ್ಬರು ಯುವಕರಿಗೆ ನಮ್ಮ ಸ್ಟಟ್‌ಗಾರ್ಟ್‌ನ ಬ್ಯಾಂಕಿನವರು ಕುರ್ಚಿ ಕೊಟ್ಟು ಕೂರಿಸಿ, ಕಡತ ಓದಿ, ಮುಂದಿನ ವರ್ಷ ಬನ್ನಿ ಎಂದು ಕಳುಹಿಸುತ್ತಿದ್ದರು.