ಹಳೇ ಜಾವಾ ಬಿಚ್ಚೋಕೆ ಮನೆಯವರೇ ಕೂರಬೇಕು

ಜಾವಾ ನಮ್ಮೂರಿನ ಗಾಡಿ ಅಂತ ಮೈಸೂರಿನವರು ಹೇಳುತ್ತಾರೆ. ಜೆಕ್ ದೇಶದವರೂ ಅದನ್ನೇ ಹೇಳುತ್ತಾರೆ. ಇಬ್ಬರ ಮಾತೂ ನಿಜ. ಫ್ರಾಂಟಿಷೆಕ್ ಯಾನೆಚೆಕ್ ಎಂಬುವರು 1929ರಲ್ಲಿ ಪ್ರಾಗ್‌ನಲ್ಲಿ ಆ ಹೆಸರಿನ ಬೈಕ್ ಶುರು ಮಾಡಿದರು. 1961ರಿಂದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದಲೂ ಅದೇ ಬೈಕ್ ಹೊರಬರತೊಡಗಿತು. ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಈಗ ಕೆಲಸ, ಸಂಸಾರ ಎಲ್ಲ ಜೆಕ್ ದೇಶದ ಬ್ರನೋ ಊರಿನಲ್ಲಿ. ಅಪ್ಪ ಓಡಿಸುತ್ತಿದ್ದ ಜಾವಾ ಮೈಸೂರಿನಲ್ಲಿ ಅಣ್ಣನ ಹತ್ತಿರ ಇದೆ. ಇಲ್ಲಿ ನನ್ನ ಹತ್ತಿರ ಇನ್ನೊಂದಿದೆ. ಎರಡೂ 250 ಸಿಸಿಯ 353 ಮಾದರಿ. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಗೇರ್ ಹಾಕುವ ಲಿವರನ್ನೇ ಒಳಕ್ಕೆ ಒತ್ತಿ ತಿರುಗಿಸಿದರೆ ಅದೇ ಕಿಕ್ಕರ್.

ಎರಡನ್ನೂ ಹೆಚ್ಚುಕಮ್ಮಿ ಒಂದೇ ಸಮಯಕ್ಕೆ ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದ್ದಾಯಿತು. ಅಣ್ಣ ಮೆಕ್ಯಾನಿಕ್ ಕೈಲಿ ಮಾಡಿಸಿದ. ನಾನು ಕೈಯಾರೆ ಮಾಡಿದೆ. ಎರಡೂ ಚೆನ್ನಾಗಿ ಓಡುತ್ತಿವೆ. ಆದರೂ ನನಗೆ ಒಂದು ಮಾತು ಜೋರಾಗಿಯೇ ಹೇಳಬೇಕು ಅನ್ನಿಸುತ್ತಿದೆ. ನಮ್ಮ ಮೆಕ್ಯಾನಿಕ್‌ಗಳ ಕೈಕೆಲಸಕ್ಕೆ ಇಲ್ಲಿ ಸಾಟಿ ಕಾಣಲಿಲ್ಲ. ಆದರೆ ಆ ಕೆಲಸ ಗಾಡಿ ಇಟ್ಟುಕೊಂಡವರ ಮನೆಯೊಳಗೆ ಬಂದೇ ಇಲ್ಲ. ಹೀಗೇ ಬಿಟ್ಟರೆ ಜಾವಾ ತಯಾರಾಗುತ್ತಿದ್ದ ಮೈಸೂರಿನಲ್ಲೇ ಅದರ ಎಂಜಿನ್ ಬಿಚ್ಚುವವರು ಸಿಗದ ದಿನ ಬರುತ್ತದೆ.

ಮೊದಲು ಇಲ್ಲಿನ ರೀತಿ ಹೇಳುತ್ತೇನೆ. ಜೆಕ್ ಊರುಗಳ ಅಂಚಿನಲ್ಲಿ ಸಾಲು ಸಾಲು ಗ್ಯಾರೇಜ್‌ಗಳಿವೆ. ಒಂದೊಂದೂ ಒಂದು ಕಾರು ನಿಲ್ಲುವಷ್ಟು ಜಾಗ. ಫ್ಲ್ಯಾಟ್‌ನಲ್ಲಿ ಇರುವವರು ಇದನ್ನು ಕೊಂಡೋ ಬಾಡಿಗೆಗೋ ಇಟ್ಟುಕೊಳ್ಳುತ್ತಾರೆ. ಎಷ್ಟೋ ಗ್ಯಾರೇಜ್‌ಗಳಲ್ಲಿ ಕಾರು ಹೊರಗೆ ನಿಂತಿರುತ್ತದೆ, ಒಳಗೆ ಹಳೇ ಬೈಕಿನ ಸಾಮಾನು ಹರಡಿರುತ್ತದೆ. ಬೈಕಿನ ಯಜಮಾನ ಬ್ಯಾಂಕಿನಲ್ಲಿ ಕೆಲಸ ಮಾಡುವವರು ಇರಬಹುದು, ಶಾಲೆ ಮೇಷ್ಟ್ರು ಇರಬಹುದು. ಸ್ಪ್ಯಾನರ್ ಹಿಡಿಯೋದು ಅವರೇ. ಸಮಾಜವಾದಿ ಸರ್ಕಾರದ ಕಾಲದಲ್ಲಿ ಇಲ್ಲಿ ಹೊಸ ಗಾಡಿಗೂ ಕಾಯಬೇಕಿತ್ತು, ಬಿಡಿಭಾಗಕ್ಕೂ ಕಾಯಬೇಕಿತ್ತು. ಹಾಗಾಗಿ ಮನೆಯಲ್ಲಿ ಒಬ್ಬರಿಗಾದರೂ ರಿಪೇರಿ ಗೊತ್ತಿರಲೇಬೇಕಿತ್ತು. ಆ ಅಭ್ಯಾಸ ಮೊಮ್ಮಕ್ಕಳವರೆಗೂ ಬಂದಿದೆ.

ಚಳಿಗಾಲವೂ ಇದಕ್ಕೆ ದೊಡ್ಡ ಕಾರಣ. ಹಿಮ ಬಿದ್ದಾಗ ರಸ್ತೆಗೆ ಉಪ್ಪು ಹಾಕುತ್ತಾರೆ. ಉಪ್ಪು ತಾಗಿದರೆ ಕಬ್ಬಿಣ ಉಳಿಯೋದಿಲ್ಲ. ಹಳೇ ಬೈಕ್ ಇರುವವರು ಯಾರೂ ಆಗ ಅದನ್ನು ಹೊರಗೆ ತೆಗೆಯೋದಿಲ್ಲ. ತಿಂಗಳುಗಟ್ಟಲೆ ಗಾಡಿ ಸುಮ್ನೆ ನಿಂತಿರುತ್ತದೆ. ಆಗ ನಿಧಾನವಾಗಿ ಬಿಚ್ಚಬಹುದು, ತೊಳೆಯಬಹುದು, ಅಳೆಯಬಹುದು. ಯಾರೂ ಅವಸರ ಮಾಡೋದಿಲ್ಲ. ಮೈಸೂರಿನಲ್ಲಿ ಹಾಗಲ್ಲ. ವರ್ಷವಿಡೀ ಓಡಿಸುವ ಹವೆ. ಗಾಡಿ ಗ್ಯಾರೇಜಿಗೆ ಬಿಟ್ಟ ಮರುದಿನವೇ 'ಯಾವಾಗ ಸಿಗುತ್ತೆ?' ಅಂತ ಫೋನ್ ಹೋಗುತ್ತದೆ. ಮೆಕ್ಯಾನಿಕ್ ಮೇಲೆ ಆ ಒತ್ತಡ ಹಾಕಿ, ಆಮೇಲೆ ಕೆಲಸ ನಾಜೂಕಾಗಿಲ್ಲ ಅಂದರೆ ಅದು ಅನ್ಯಾಯ.

ಇಲ್ಲಿ ನನಗೆ ತುಂಬ ಇಷ್ಟವಾದದ್ದು ಎಲ್ಲವೂ ಬರಹದಲ್ಲಿ ಇರೋದು. ಈ ಮಾದರಿಯ ತಯಾರಿಕೆ ಇಲ್ಲಿ 60ರ ದಶಕದ ಆರಂಭದಲ್ಲೇ ನಿಂತಿತು. ಆದರೂ ಬಿಡಿಭಾಗಗಳ ಪಟ್ಟಿಯ ಪುಸ್ತಕ ಸಿಗುತ್ತದೆ. ಒಂದೊಂದು ವಾಷರ್‌ಗೂ ಅದರಲ್ಲಿ ನಂಬರ್ ಇದೆ. ಆ ನಂಬರ್ ಹೇಳಿದರೆ ಅಂಗಡಿಯಿಂದ ಹೊಸ ವಾಷರ್ ಬರುತ್ತದೆ, ಯಾಕೆಂದರೆ ಈಗಲೂ ಅದನ್ನು ತಯಾರಿಸುವವರು ಇದ್ದಾರೆ. ಸಿಗದ ಸಾಮಾನಿಗೆ ಹಳೇ ಸಾಮಾನಿನ ಸಂತೆಗಳಿವೆ. ಭಾನುವಾರ ಬೆಳಗ್ಗೆ ಕತ್ತಲಲ್ಲೇ ಟಾರ್ಚ್ ಹಿಡಿದು ಹೋಗುವವರಿದ್ದಾರೆ. ಪಕ್ಕದ ಗ್ಯಾರೇಜಿನ ಹಿರಿಯರೊಬ್ಬರು ತಮ್ಮ ಬೈಕಿಗೆ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಯಾವ ವರ್ಷ ಸಿಲಿಂಡರ್ ಬೋರ್ ಆಯಿತು (ಅಂದರೆ ಸವೆದ ಒಳಗೋಡೆ ಕೊರೆದು ಅಗಲ ಮಾಡಿಸಿದ್ದು), ಯಾವ ಸೈಜಿನ ಪಿಸ್ಟನ್ ಹಾಕಿದ್ದು, ಆಯಿಲ್ ಸೀಲ್ ಯಾವಾಗ ಬದಲಾಯಿತು, ಎಲ್ಲ ಅದರಲ್ಲಿದೆ. ಮೊದಲ ಪುಟಗಳು ಅವರ ಅಪ್ಪನ ಕೈಬರಹ.

ಈಗ ಮೈಸೂರಿಗೆ ಬರೋಣ. ಜೆಕ್ ದೇಶದಲ್ಲಿ ಕೈಬಿಟ್ಟ ಮಾದರಿಯನ್ನು ಯಾದವಗಿರಿಯಲ್ಲಿ 70ರ ದಶಕದ ಆರಂಭದವರೆಗೂ ಮಾಡುತ್ತಿದ್ದರು. ಆಮೇಲೆ ಯೆಜ್ದಿ ಎಂಬ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್ ಎಂಬ ಮಾದರಿ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲಿ ಕೆಲಸ ಮಾಡಿದವರಲ್ಲಿ ಕೆಲವರು ಸಣ್ಣ ಗ್ಯಾರೇಜ್ ಇಟ್ಟರು. ಅವರ ಹತ್ತಿರ ಕಲಿತ ಹುಡುಗರು ಬೇರೆ ಕಡೆ ಗ್ಯಾರೇಜ್ ಇಟ್ಟರು. ಹೀಗೆ ಕಾರ್ಖಾನೆಯ ಕೆಲಸ ಗಲ್ಲಿಗಳಲ್ಲಿ ಉಳಿದುಕೊಂಡಿತು.

ಅಣ್ಣನ ಗಾಡಿ ಮಾಡಿದ ಮೆಕ್ಯಾನಿಕ್ ಅಂಥವರಲ್ಲಿ ಒಬ್ಬರು. ಅವರ ಕೆಲಸ ಪಕ್ಕದಲ್ಲಿ ನಿಂತು ನೋಡಿದ್ದೇನೆ. ಪಿಸ್ಟನ್ ಮೇಲೆ ಕೆಳಗೆ ಆಡುವುದನ್ನು ತಿರುಗುವ ಚಲನೆ ಮಾಡುವ ಭಾಗವೇ ಕ್ರ್ಯಾಂಕ್. ಜಾವಾದಲ್ಲಿ ಅದು ಒಂದೇ ತುಂಡಲ್ಲ. ಎರಡು ಚಕ್ರಗಳ ನಡುವೆ ಪಿನ್ ಒತ್ತಿ ಕೂರಿಸಿದ್ದು. ಕನೆಕ್ಟಿಂಗ್ ರಾಡ್ ಬೇರಿಂಗ್ ಸವೆದರೆ ಪ್ರೆಸ್‌ನಲ್ಲಿ ಬಿಡಿಸಿ, ಹೊಸ ಪಿನ್ ಹಾಕಿ, ಮತ್ತೆ ಒತ್ತಿ, ಎರಡೂ ಬದಿ ನೇರ ತಿರುಗುವಂತೆ ಮಾಡಬೇಕು. ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕ ಅದು. ಅವರು ಕ್ರ್ಯಾಂಕನ್ನು ಲೇತ್ ಸೆಂಟರ್‌ಗಳ ನಡುವೆ ತಿರುಗಿಸಿ, ಡಯಲ್ ಗೇಜ್ ನೋಡಿ, ತಾಮ್ರದ ಸುತ್ತಿಗೆಯಿಂದ ಎಲ್ಲಿ ಎಷ್ಟು ತಟ್ಟಬೇಕೋ ಅಷ್ಟೇ ತಟ್ಟಿದರು. ಮತ್ತೆ ತಿರುಗಿಸಿದರು. ಮುಳ್ಳು ಅಲುಗಾಡುವುದು ನಿಂತಿತು. ಇಲ್ಲಿ ನನಗೆ ಗೊತ್ತಿರುವವರೆಲ್ಲ ಕ್ರ್ಯಾಂಕನ್ನು ಇನ್ನೊಂದು ಊರಿಗೆ ಪಾರ್ಸೆಲ್ ಮಾಡುತ್ತಾರೆ. ಸವೆದ ಗೇರ್ ಶಾಫ್ಟ್ ಸಿಗದಿದ್ದರೆ ಇಲ್ಲಿ ಹುಡುಕುತ್ತಾ ಕೂರುತ್ತಾರೆ. ನಮ್ಮಲ್ಲಿ ಅದಕ್ಕೆ ವೆಲ್ಡಿಂಗ್ ಮಾಡಿ, ಲೇತ್‌ನಲ್ಲಿ ತಿರುಗಿಸಿ, ಸಂಜೆಯೊಳಗೆ ಕೂರಿಸುತ್ತಾರೆ. ಕ್ರೋಮಿಂಗ್ ಮಾಡಿಸೋದಂತೂ ಇಲ್ಲಿ ಜೇಬಿಗೆ ಭಾರ. ಮೈಸೂರು, ಬೆಂಗಳೂರಿನಲ್ಲಿ ಅದಕ್ಕೆ ಅಷ್ಟು ಯೋಚನೆ ಮಾಡಬೇಕಿಲ್ಲ.

ಹೀಗಿದ್ದೂ ನನಗೆ ಆತಂಕ ಯಾಕೆ? ಅಣ್ಣನನ್ನು ಫೋನಿನಲ್ಲಿ ಕೇಳಿದೆ.

'ಅಣ್ಣ, ಪಿಸ್ಟನ್ ಯಾವ ಸೈಜಿಂದು ಹಾಕಿದ್ದಾರೆ?'

'ನಂಗೆ ಗೊತ್ತಿಲ್ಲ ಕಣೋ. ಅದು ಅವ್ರಿಗೆ ಗೊತ್ತಿರುತ್ತೆ.'

ಅಲ್ಲೇ ಇದೆ ವಿಷಯ. ಅಪ್ಪನ ಗಾಡಿಯ ಒಳಗೆ ಏನಿದೆ ಅನ್ನೋದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಆ ಮೆಕ್ಯಾನಿಕ್‌ಗೆ ವಯಸ್ಸಾಗಿದೆ. ಮಗ ಬೇರೆ ಕೆಲಸದಲ್ಲಿದ್ದಾನೆ, ಈ ಕಡೆಗೆ ಬರೋದಿಲ್ಲ. ಬರಲಿ ಅಂತ ನಾವು ಬಯಸೋದೂ ಸರಿಯಲ್ಲ. ಅವರು ಅಂಗಡಿ ಮುಚ್ಚಿದ ದಿನ ಆ ಲೆಕ್ಕ, ಆ ಅಂದಾಜು, ಆ ಶಬ್ದ ಕೇಳಿ ಹೇಳುವ ಕಿವಿ ಎಲ್ಲವೂ ಹೋಗುತ್ತದೆ.

ನಮ್ಮವರು ಕೈ ಹಾಕದೇ ಇರೋದಕ್ಕೆ ಜಾಗ ಇಲ್ಲ, ಸಮಯ ಇಲ್ಲ ಅನ್ನೋ ಕಾರಣ ಕೊಡುತ್ತಾರೆ. ನನಗೆ ಅದು ಪೂರ್ತಿ ನಿಜ ಅನ್ನಿಸೋದಿಲ್ಲ. ಓದಿದವರು ಕೈ ಮಸಿ ಮಾಡಿಕೊಳ್ಳಬಾರದು ಅನ್ನೋ ಭಾವನೆ ನಮ್ಮ ಮನೆಗಳಲ್ಲಿ ಆಳವಾಗಿದೆ. ಮಸಿ ಕೆಲಸಕ್ಕೆ ಬೇರೆ ಜನ ಇದ್ದಾರೆ ಅನ್ನೋದರ ಹಿಂದೆ ಜಾತಿಯ ಲೆಕ್ಕವೂ ಇದೆ. ಅದನ್ನು ಮುಚ್ಚಿಡಬೇಕಿಲ್ಲ. ಆಯುಧಪೂಜೆಗೆ ನಾವು ಗಾಡಿ ತೊಳೆದು, ಹೂವು ಹಾಕಿ, ಬೂದುಗುಂಬಳ ಒಡೆಯುತ್ತೇವೆ. ಆ ದಿನ ಗ್ಯಾರೇಜಿನಲ್ಲಿ ಸ್ಪ್ಯಾನರ್, ಸುತ್ತಿಗೆ ಎಲ್ಲ ಸಾಲಾಗಿಟ್ಟು ಕುಂಕುಮ ಹಚ್ಚಿರುತ್ತಾರೆ. ಗಾಡಿ ಇಟ್ಟುಕೊಂಡ ನಮ್ಮ ಮನೆಗಳಲ್ಲಿ ಪೂಜೆಗೆ ಇಡೋಕೆ ಒಂದು ಸೆಟ್ ಸ್ಪ್ಯಾನರ್ ಆದರೂ ಇರಬೇಕು ಅಂತ ನನ್ನ ಆಸೆ.

ಎಲ್ಲವನ್ನೂ ಮನೆಯಲ್ಲೇ ಮಾಡಿ ಅಂತ ನಾನು ಹೇಳುತ್ತಿಲ್ಲ. ಕ್ರ್ಯಾಂಕ್ ಮತ್ತು ಸಿಲಿಂಡರ್ ಬೋರಿಂಗ್ ಲೇತ್‌ನವರ ಕೆಲಸ. ಮಿಕ್ಕಿದ್ದರಲ್ಲಿ ಬಹುಪಾಲು ಮನೆಯಲ್ಲೇ ಆಗುತ್ತದೆ. ಜಾವಾದ್ದು ಟೂ ಸ್ಟ್ರೋಕ್ ಎಂಜಿನ್. ಅದರಲ್ಲಿ ವಾಲ್ವ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಹೆಡ್ ತೆಗೆದರೆ ಪಿಸ್ಟನ್ ಕಾಣುತ್ತದೆ. ಕಿಡಿ ಯಾವಾಗ ಬರಬೇಕೆಂದು ನಿಗದಿ ಮಾಡುವ ಕಾಂಟ್ಯಾಕ್ಟ್ ಪಾಯಿಂಟ್ ಗ್ಯಾಪ್ 0.4 ಮಿಲಿಮೀಟರ್. ಸಣ್ಣ ಸಂದು ಅಳೆಯುವ ಫೀಲರ್ ಗೇಜ್ ಒಂದಿದ್ದರೆ ಮನೆ ಜಗಲಿ ಮೇಲೆ ಕೂತು ಸರಿಮಾಡಬಹುದು. ಕಾರ್ಬೊರೇಟರ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಜೆಟ್‌ಗೆ ಗಾಳಿ ಊದೋಕೆ ಯಾವ ಡಿಗ್ರಿಯೂ ಬೇಡ.

ಬಿಳಿ ಹೊಗೆ ನೋಡಿ. ಜಾವಾ ಅಂದರೆ ಹೊಗೆ ಇದ್ದದ್ದೇ ಅಂತ ಸುಮಾರು ಜನ ಸುಮ್ಮನಾಗುತ್ತಾರೆ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಇರುವ ಕೋಣೆಯೇ ಪಂಪಿನ ಕೆಲಸ ಮಾಡುತ್ತದೆ. ಅದರೊಳಗೆ ಗಾಳಿ ನುಸುಳಬಾರದು. ಕ್ರ್ಯಾಂಕ್ ಬದಿಯಲ್ಲಿ ಕ್ಲಚ್ ಕಡೆಯ ಆಯಿಲ್ ಸೀಲ್ ಗಟ್ಟಿಯಾದರೆ ಎಂಜಿನ್ ಪಕ್ಕದ ಕೋಣೆಯ ಆಯಿಲ್‌ ಎಳೆದುಕೊಂಡು ಸುಡುತ್ತದೆ. ಹೊಗೆ ದಟ್ಟವಾಗುತ್ತದೆ, ಗೇರ್‌ಬಾಕ್ಸ್ ಆಯಿಲ್ ಇಳಿಯುತ್ತದೆ. ಡೈನಮೋ ಕಡೆಯ ಸೀಲ್ ಹೋದರೆ ಹೊರಗಿನ ಗಾಳಿ ಎಳೆಯುತ್ತದೆ, ಪೆಟ್ರೋಲ್ ಮಿಶ್ರಣ ತೆಳುವಾಗಿ ಪಿಸ್ಟನ್ ಕಾಯುತ್ತದೆ. ಸೀಲಿನ ಬೆಲೆ ಜುಜುಬಿ. ಗೊತ್ತಿಲ್ಲದಿದ್ದರೆ ಅದಕ್ಕೆ ಎಂಜಿನ್ ಬೋರೇ ಮಾಡಿಸಿಬಿಡುತ್ತೇವೆ, ಹೊಗೆ ಮಾತ್ರ ಹಾಗೇ ಉಳಿಯುತ್ತದೆ. ಗಾಡಿ ಇಟ್ಟುಕೊಂಡವರಿಗೆ ಇಷ್ಟು ತಿಳಿದಿದ್ದರೆ ಮೆಕ್ಯಾನಿಕ್ ಜೊತೆಗಿನ ಮಾತೂ ಬೇರೆ ಥರ ಇರುತ್ತದೆ.

ಇಥೆನಾಲ್ ವಿಷಯವೂ ಇದೆ. ನಮ್ಮಲ್ಲಿ ಈಗ 20% ಇಥೆನಾಲ್ ಬೆರೆಸಿದ ಪೆಟ್ರೋಲ್ ಬರುತ್ತಿದೆ. ಇಥೆನಾಲ್ ನೀರನ್ನು ಹೀರುತ್ತದೆ, ಹಳೇ ರಬ್ಬರನ್ನು ಹಾಳು ಮಾಡುತ್ತದೆ. ಜಾವಾ ವಾರಗಟ್ಟಲೆ ನಿಲ್ಲುವುದಾದರೆ ಕಾರ್ಬೊರೇಟರ್‌ನಿಂದ ಪೆಟ್ರೋಲ್ ಇಳಿಸಿಡಿ. ಪೈಪು, ವಾಷರ್ ಬದಲಾಯಿಸಿ. ಟ್ಯಾಂಕ್ ಒಳಗೆ ಆಗಾಗ ಟಾರ್ಚ್ ಹಾಕಿ ತುಕ್ಕು ನೋಡಿ. ಇದು ಮನೆಯವರೇ ನೋಡಿಕೊಳ್ಳಬೇಕಾದ ಕೆಲಸ.

ಇನ್ನು ಹಳೇ ಗಾಡಿಗೆ ಹೊಸ ರೂಪ ಕೊಡುವ ಮಾತು. ಜೆಕ್ ದೇಶದಲ್ಲಿ ಎರಡು ಪಂಗಡಗಳಿವೆ. 30 ವರ್ಷ ದಾಟಿದ ಗಾಡಿಗೆ ಹಸಿರು ಅಕ್ಷರದ ನಂಬರ್ ಪ್ಲೇಟ್ ಸಿಗುತ್ತದೆ. ಅದಕ್ಕೆ ಕ್ಲಬ್ಬಿನವರ ಪರೀಕ್ಷೆ ಪಾಸಾಗಬೇಕು, ಗಾಡಿ ತನ್ನ ಕಾಲದ ರೂಪದಲ್ಲೇ ಇರಬೇಕು. ಅದನ್ನು ಬಯಸುವವರು ಬೋಲ್ಟಿನ ತಲೆಯೂ ಹಳೇದೇ ಆಗಿರಲಿ ಅಂತ ನೋಡುತ್ತಾರೆ. ಇನ್ನೊಂದು ಪಂಗಡದವರು ದಿನಾ ಓಡಿಸುವವರು. ಅವರು 6 ವೋಲ್ಟ್ ಡೈನಮೋ ತೆಗೆದು, ವೇಪ್ ಎಂಬ ಜೆಕ್ ಕಂಪನಿಯ 12 ವೋಲ್ಟ್ ಇಗ್ನಿಷನ್ ಹಾಕುತ್ತಾರೆ. ದೀಪ ಚೆನ್ನಾಗಿ ಉರಿಯುತ್ತದೆ, ಪಾಯಿಂಟ್ ತಲೆನೋವು ಇರೋದಿಲ್ಲ. ಆದರೆ ತೆಗೆದ ಡೈನಮೋ ಡಬ್ಬಿಯಲ್ಲಿ ಜೋಪಾನ. ಬೇಕೆಂದಾಗ ಮತ್ತೆ ಹಾಕಬಹುದು. ನಾನೂ ಹಾಗೇ ಮಾಡಿದ್ದೇನೆ.

ನಮ್ಮಲ್ಲಿ ಮೊದಲು ಹೊರಬರೋದು ಗ್ರೈಂಡಿಂಗ್ ಮೆಷಿನ್. ಹಳೇ ರೇಸ್ ಬೈಕಿನ ಥರ ಕಾಣುವ ಕೆಫೆ ರೇಸರ್ ಮಾಡಿಸಬೇಕು ಅಂತ ಚಾಸಿಯ ಹಿಂಭಾಗ ಕತ್ತರಿಸುತ್ತಾರೆ, ಮಡ್‌ಗಾರ್ಡ್ ಗುಜರಿಗೆ ಹೋಗುತ್ತದೆ, ಸೈಲೆನ್ಸರ್ ಒಳಗಿನ ಕೊಳವೆ ಕಿತ್ತು ಬಿಸಾಡುತ್ತಾರೆ. ನೋಡೋಕೆ ಚೆನ್ನಾಗಿರಬಹುದು. ಆದರೆ ಟೂ ಸ್ಟ್ರೋಕ್‌ಗೆ ಸೈಲೆನ್ಸರ್ ಎಂಜಿನ್‌ನ ಭಾಗವೇ. ಅದರ ಉದ್ದ, ಒಳಗಿನ ಅಳತೆ ಬದಲಾದರೆ ಎಳೆತ ಕಡಿಮೆಯಾಗುತ್ತದೆ, ಶಬ್ದ ಜಾಸ್ತಿಯಾಗುತ್ತದೆ. ಇಂಥ ಸೈಲೆನ್ಸರ್‌ಗಳನ್ನು ಪೊಲೀಸರು ರಸ್ತೆಯಲ್ಲಿ ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸಿದ್ದನ್ನು ನೀವೂ ನೋಡಿರುತ್ತೀರಿ, ಅಲ್ವಾ?

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗುವಂತೆ ಗಾಡಿ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿ, ಮೂಲ ರೂಪದಲ್ಲೇ ಇರುವ ಗಾಡಿಗೆ 'ವಿಎ' ಅಕ್ಷರಗಳಿರುವ ನಂಬರ್ ಸಿಗುತ್ತದೆ. 70ರ ದಶಕದ ಆರಂಭದ ಮೈಸೂರು ಜಾವಾಗಳು ಈಗ ಆ ವಯಸ್ಸು ದಾಟಿವೆ. ಚಾಸಿ ಕತ್ತರಿಸಿದ ಗಾಡಿಗೆ ಆ ಬಾಗಿಲು ಮುಚ್ಚಿದಂತೆಯೇ.

ಬಣ್ಣ ಬದಲಾಯಿಸಲೇಬಾರದು, ಹ್ಯಾಂಡಲ್ ಮುಟ್ಟಲೇಬಾರದು ಅನ್ನುವಷ್ಟು ಕಟ್ಟುನಿಟ್ಟು ನನಗೂ ಹಿಡಿಸೋದಿಲ್ಲ. ಸೀಟು, ಹ್ಯಾಂಡಲ್, ದೀಪ, ವೈರಿಂಗ್ ಬದಲಾಯಿಸಿ, ಬಣ್ಣಕ್ಕೆ ಆರ್‌ಸಿಯಲ್ಲಿ ನಮೂದು ಮಾಡಿಸಿ. ಬಿಚ್ಚಿದ್ದನ್ನು ಮಾತ್ರ ಮಾರಬೇಡಿ. ವೆಲ್ಡಿಂಗ್ ಕಿಡಿ ಚಾಸಿಗೆ ತಾಗದಿರಲಿ.

ಈ ಸಲ ಊರಿಗೆ ಬಂದಾಗ ಅಣ್ಣನ ಗಾಡಿಯ ಎಂಜಿನ್ ಇಳಿಸುವ ಯೋಚನೆ ಇದೆ. ಕ್ಲಚ್ ಕಡೆಯ ಸೀಲ್ ಸೋರುತ್ತಿದೆ. ಮೆಕ್ಯಾನಿಕ್ ಹತ್ತಿರ ಮಾತಾಡಿದ್ದೇನೆ. 'ಸರ್, ಕೆಲಸ ಅಣ್ಣ ಮಾಡಲಿ, ನೀವು ಪಕ್ಕದಲ್ಲಿ ಕೂತು ಹೇಳಿಕೊಡಿ. ರಿಪೇರಿಗೆ ಎಷ್ಟು ತಗೋತೀರೋ ಹೇಳಿಕೊಡೋಕೂ ಅಷ್ಟೇ ತಗೊಳ್ಳಿ' ಅಂದೆ. ಕಲಿಸುವುದಕ್ಕೆ ದುಡ್ಡು ಕೊಡುವುದು ನಮ್ಮಲ್ಲಿ ಶುರುವಾಗಬೇಕು. ಮೂವತ್ತು, ನಲವತ್ತು ವರ್ಷದ ಕಲಿಕೆ ಅದು. ಅವರು ಒಪ್ಪಿದ್ದಾರೆ. ಅಣ್ಣನಿಗೆ ಒಂದು ಖಾಲಿ ನೋಟ್‌ಬುಕ್, ಫೀಲರ್ ಗೇಜ್, ಎಂಜಿನ್ ಸ್ಪ್ರಾಕೆಟ್ ಎಳೆಯುವ ಪುಲ್ಲರ್ ಇಲ್ಲಿಂದ ತರುತ್ತಿದ್ದೇನೆ. ದಸರಾ ಮುಗಿದ ಮೇಲೆ ಬನ್ನಿ, ಅಂಗಡಿಯಲ್ಲಿ ಕೆಲಸ ಸ್ವಲ್ಪ ಕಡಿಮೆ ಇರುತ್ತೆ ಅಂದಿದ್ದಾರೆ.