ಕಾಗೆ ಸತ್ತಾಗಲೇ ಗೊತ್ತಾಗಬೇಕಿತ್ತು

ಪ್ರಾಣಿಗಳ ರೋಗದ ಮೇಲೆ ಕಣ್ಣಿಟ್ಟರೆ ಮನುಷ್ಯರೂ ಉಳಿಯುತ್ತಾರೆ ಅಂತ ಲೇಖನದಲ್ಲಿ ಹೇಳಿದ್ದೀರಿ. ನೂರಕ್ಕೆ ನೂರು ನಿಜ. ಓದುತ್ತಿದ್ದಂತೆ 1999ರ ನ್ಯೂಯಾರ್ಕ್ ನೆನಪಾಯ್ತು. ಆ ಬೇಸಿಗೆಯಲ್ಲಿ ಅಲ್ಲಿ ಕಾಗೆಗಳು ಬಿದ್ದು ಬಿದ್ದು ಸಾಯುತ್ತಿದ್ದವು. ಅದೇ ಹೊತ್ತಿಗೆ ವಯಸ್ಸಾದವರು ಮೆದುಳು ಜ್ವರ ಬಂದು ಆಸ್ಪತ್ರೆ ಸೇರುತ್ತಿದ್ದರು. ಎರಡನ್ನೂ ಜೋಡಿಸಿ ನೋಡಿದವರು ತೀರಾ ಕಡಿಮೆ. ಮೊದಲು ಇದು ಸೇಂಟ್ ಲೂಯಿಸ್ ಎನ್ಸೆಫಲೈಟಿಸ್ ಅನ್ನುವ ಒಂದು ಬಗೆಯ ಮೆದುಳು ಜ್ವರ ಅಂದುಕೊಂಡರು. ಆಮೇಲೆ ಬ್ರಾಂಕ್ಸ್ ಮೃಗಾಲಯದ ಫ್ಲೆಮಿಂಗೊಗಳೂ ಸತ್ತವು. ಅಲ್ಲಿನ ಪಶುವೈದ್ಯೆಗೆ ಅನುಮಾನ ಬಂತು. ಆ ರೋಗ ಹಕ್ಕಿಗಳನ್ನು ಹೀಗೆ ಕೊಲ್ಲುವುದಿಲ್ಲ, ಇದು ಬೇರೇನೋ ಅಂತ ಅವರು ಪಟ್ಟು ಹಿಡಿದರು. ಕೊನೆಗೆ ಹಕ್ಕಿಗಳಲ್ಲೂ ಮನುಷ್ಯರಲ್ಲೂ ಸಿಕ್ಕಿದ್ದು ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್ ವೈರಸ್. ಪಶುವೈದ್ಯರು, ಮನುಷ್ಯರ ವೈದ್ಯರು ಮೊದಲೇ ಕೂತು ಮಾತಾಡಿದ್ದರೆ ಎಷ್ಟು ಬೇಗ ತಿಳಿಯುತ್ತಿತ್ತು, ಅಲ್ವಾ?

ರೇಬೀಸ್ ವಿಷಯದಲ್ಲಂತೂ ದಾರಿ ಗೊತ್ತೇ ಇದೆ. ಮನುಷ್ಯರಿಗೆ ಅದು ಬರುವುದು ಬಹುಪಾಲು ನಾಯಿ ಕಡಿತದಿಂದ. ನೂರರಲ್ಲಿ 70 ನಾಯಿಗಳಿಗಾದರೂ ಲಸಿಕೆ ಹಾಕುತ್ತಾ ಬಂದರೆ ರೋಗ ಹರಡುವುದು ನಿಲ್ಲುತ್ತದೆ. ಅಷ್ಟಾದರೂ ಮಾಡೋಣ.

ಇನ್ನೊಂದು ಮಾತು. ಒಂದೇ ಕಡೆ ಹಕ್ಕಿಗಳು ಸತ್ತು ಬಿದ್ದಿದ್ದರೆ ಸುಮ್ನೆ ಗುಡಿಸಿ ಎಸೆಯಬೇಡಿ. ಬರಿಗೈಯಲ್ಲಿ ಮುಟ್ಟಲೂಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ.