ಫ್ಲೋಮ್ ರೈಲು, ಒದ್ದೆ ಹೆಬ್ಬೆರಳು

ನಾರ್ವೆಯ ಮಿರ್ಡಾಲ್‌ನಲ್ಲಿ ಫ್ಲೋಮ್ ರೈಲು ಹತ್ತಿದಾಗ ನನಗಿದ್ದ ಚಿಂತೆ ಒಂದೇ: ಫೋನಿನಲ್ಲಿ ಜಾಗ ಇಲ್ಲ. ದಾರಿ 20 ಕಿಲೋಮೀಟರ್, ಅಷ್ಟರಲ್ಲೇ 860ಕ್ಕೂ ಹೆಚ್ಚು ಮೀಟರ್ ಇಳಿದು ಫ್ಯೋರ್ಡ್, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಸಮುದ್ರದ ದಂಡೆ ಸೇರಬೇಕು. ನಡುವೆ 20 ಸುರಂಗ. ಕತ್ತಲನ್ನು ವಿಡಿಯೋ ಮಾಡಿ ಏನು ಪ್ರಯೋಜನ ಅಲ್ವಾ? ಸುರಂಗ ಬಂದರೆ ನಿಲ್ಲಿಸುವುದು, ಬೆಳಕು ಕಂಡರೆ ಒತ್ತುವುದು ಅಂತ ಲೆಕ್ಕ ಹಾಕಿದೆ.

ಚೋಸ್‌ಫೊಸೆನ್ ಜಲಪಾತದ ಹತ್ತಿರ 5 ನಿಮಿಷ ನಿಲ್ಲಿಸಿದರು. ಕೆಳಗಿಳಿದ ಕೂಡಲೇ ಮುಖ, ಕನ್ನಡಕ, ಫೋನು ಎಲ್ಲಕ್ಕೂ ಅಭಿಷೇಕ. ಇದ್ದಕ್ಕಿದ್ದಂತೆ ಹಾಡು ಶುರುವಾಗಿ, ಬಂಡೆಯ ಮೇಲೆ ಕೆಂಪು ಬಟ್ಟೆಯ ಹೆಣ್ಣೊಬ್ಬಳು ಕುಣಿಯತೊಡಗಿದಳು. ಅವಳು ಹುಲ್ದ್ರಾ. ಗಂಡಸರನ್ನು ಮರುಳು ಮಾಡಿ ಎಳೆದೊಯ್ಯುವ, ಅಲ್ಲಿನ ಜಾನಪದದ ಕಾಡಿನ ಹೆಣ್ಣು. ನಮ್ಮ ಮೋಹಿನಿಯಂತೆಯೇ, ಹಿಂದೆ ಹಸುವಿನ ಬಾಲವೊಂದು ಜಾಸ್ತಿ. ಬೇಸಿಗೆಯಲ್ಲಿ ಪ್ರವಾಸಿಗರಿಗಾಗಿ ನೃತ್ಯ ಕಲಿಯುವವರು ಈ ವೇಷ ಹಾಕುತ್ತಾರೆ. ಇಲ್ಲಿ ಮಾಯವಾಗಿ ಅಲ್ಲಿ ಕಾಣಿಸಿದಳು. ನಾನು ಬಾಯಿ ಬಿಟ್ಟೆ. "ರೀ, ಅವರು ಇಬ್ಬರಿದ್ದಾರೆ" ಅಂದಳು ಹೆಂಡತಿ.

ಆ ಗಡಿಬಿಡಿಯಲ್ಲಿ ಒದ್ದೆ ಹೆಬ್ಬೆರಳು ಎರಡು ಸಲ ಒತ್ತಿತ್ತು. ಅಲ್ಲಿಂದ ಮುಂದೆ ಎಲ್ಲ ಉಲ್ಟಾ. ಅದು ಆಗ ಗೊತ್ತಾಗಲಿಲ್ಲ.

ಫ್ಲೋಮ್‌ನಲ್ಲಿ ಕಾಯಂ ಇರುವವರು ಕೆಲವೇ ನೂರು ಜನ. ಅವತ್ತು ದೊಡ್ಡ ಹಡಗೊಂದು ಬಂದು ನಿಂತಿತ್ತು. ನಮ್ಮಲ್ಲಿ ತೇರಿನ ದಿನ ಊರು ಹೇಗಿರುತ್ತೋ ಹಾಗೆ, ಟಾಯ್ಲೆಟ್‌ಗೂ ಸಾಲು. ಫ್ಯೋರ್ಡ್ ನೋಡೋಣ ಅಂದರೆ ಹಡಗೇ ಅಡ್ಡ. ಸುಮ್ನೆ ಒಂದು ಅಂಗಡಿಗೆ ನುಗ್ಗಿ, ಕಂದು ಬಣ್ಣದ ಗಟ್ಟಿಯೊಂದನ್ನು ಪೇಡಾ ಅಂದುಕೊಂಡು ಕೊಂಡೆ. ಅದು ಬ್ರೂನೋಸ್ಟ್, ಚೀಸ್ ಸೋಸಿ ಉಳಿದ ನೀರನ್ನು ಕೆಂಪಗಾಗುವವರೆಗೆ ಕುದಿಸಿ ಮಾಡುವ ಕಂದು ಚೀಸ್. ಮೊದಲು ಸಿಹಿ, ಆಮೇಲೆ ಉಪ್ಪು, ಕೊನೆಗೆ ಮೇಕೆ. ಕಡೆಗೆ ಚಪಾತಿಯೊಳಗೆ ಸುತ್ತಿ, ಚಟ್ನಿಪುಡಿ ಉದುರಿಸಿ ಮುಗಿಸಿದೆವು.

ಬೆಂಗಳೂರಿಗೆ ಬಂದು, ಅತ್ತೆ ಮಾವನನ್ನು ಕೂರಿಸಿ ಟಿವಿಗೆ ವಿಡಿಯೋ ಹಾಕಿದೆ. ಜಲಪಾತ ಹತ್ತು ಸೆಕೆಂಡ್ ಬಂತು. ಆಮೇಲೆ ನನ್ನ ಜೇಬಿನೊಳಗಿನ ಕತ್ತಲೆ. ಆಮೇಲೆ ಸುರಂಗ. ಮತ್ತೆ ಸುರಂಗ. ಬೆಳಕು ಕಾಣುತ್ತಿದ್ದಂತೆ ಕಟ್.

"ಕರೆಂಟು ಹೋಯಿತಾ?" ಅಂದರು ಮಾವ.

ಹಿಂದಕ್ಕೆ ತಿರುಗಿಸಿ ಮತ್ತೆ ಜೇಬಿನ ಭಾಗ ಹಾಕಿದೆ. ತಪ್ಪಾಯಿತು. ಚಿತ್ರ ಇಲ್ಲದಿದ್ದರೂ ಧ್ವನಿ ಸ್ಪಷ್ಟವಾಗಿತ್ತು. "ಸಾಕು ಬನ್ನಿ, ರೈಲು ಹೊರಡುತ್ತೆ. ಬಾಲ ಇದ್ರೂ ಪರವಾಗಿಲ್ಲ ಅಲ್ವಾ ನಿಮಗೆ?"

ಅತ್ತೆ ಕನ್ನಡಕ ಸರಿ ಮಾಡಿಕೊಂಡು ನನ್ನ ಕಡೆ ತಿರುಗಿದರು.

"ಯಾರ ಬಾಲ, ಅಳಿಯಂದ್ರೇ?"